ಮಗ್ಗುಲು ಬದಲಿಸೋ ಕೆಲಸ: ಒಬ್ಬ ವಾಲಂಟಿಯರ್ ಪ್ರಕರಣ

ಇದು ನಮ್ಮ ಶೆಲ್ಟರ್‌ನಲ್ಲಿ ನಡೆದಿದ್ದು. ಬೇರೆ ಊರಲ್ಲಿ ಪ್ರಾಣಿ ರಕ್ಷಣೆ ಗುಂಪು ನಡೆಸೋರಿಗೆ, ಹಾಗೇ ಮನೇಲಿ ಕೂತು ಬೇಜಾರಾಗಿದೆ ಏನಾದ್ರೂ ಮಾಡ್ಬೇಕು ಅಂತ ವಾಲಂಟಿಯರ್ ಆಗೋಕೆ ಹೊರಟಿರೋರಿಗೆ ಉಪಯೋಗ ಆಗ್ಬಹುದು ಅಂತ ಬರೀತಿದೀನಿ. ಹೆಸರು ಬದಲಾಯಿಸಿದೀನಿ, ಊರು ಹೇಳಲ್ಲ, ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ ಅಂತ ಇಟ್ಕೊಳ್ಳಿ. ಬೈಪಾಸ್ ಪಕ್ಕ ಶೀಟ್ ಹೊದಿಸಿದ ಶೆಡ್ಡು, ಇರೋ ಜಾಗಕ್ಕಿಂತ ಯಾವಾಗ್ಲೂ ನಾಯಿ ಜಾಸ್ತಿ, ವಾರದಲ್ಲಿ ಕೆಲವು ದಿನ ಬಂದು ಹೋಗೋ ಡಾಕ್ಟ್ರು, ಸಂಬಳಕ್ಕೆ ಇಬ್ರು ಹುಡುಗ್ರು, ಉಳಿದಿದ್ದೆಲ್ಲ ವಾಲಂಟಿಯರ್‌ಗಳ ಮೇಲೆ ನಡೀತಿರೋ ಜಾಗ. ಆ ವಾಲಂಟಿಯರ್‌ಗಳಿಗೆ ಕೆಲಸ ಹಂಚೋದು ನನ್ನ ಜವಾಬ್ದಾರಿ. ಇದು ಅವರಲ್ಲೇ ಒಬ್ರ ಕಥೆ, ಬರೆದಿದ್ದನ್ನ ಅವ್ರಿಗೆ ಓದಿ ಹೇಳಿ ಒಪ್ಪಿಗೆ ತಗೊಂಡಿದೀನಿ, ಎರಡು ವಿಷಯ ತೆಗೆಸಿದ್ರು, ಒಂದು ವಿಷಯ ಹಾಕ್ಲೇಬೇಕು ಅಂತ ಹಟ ಮಾಡಿದ್ರು, ಅದು ಮುಂದೆ ಬರುತ್ತೆ.

ಹಿನ್ನೆಲೆ

ಸರೋಜಕ್ಕ ಅಂತ ಕರೆಯೋಣ. ಐವತ್ತು ದಾಟಿದೋರು. ಯಜಮಾನ್ರು ಕೆಇಬಿಲಿ ಲೈನ್‌ಮನ್ ಆಗಿದ್ದು ರಿಟೈರ್ ಆಗಿದಾರೆ, ಮಗಳು ಮದ್ವೆ ಆಗಿ ಬೆಂಗ್ಳೂರಲ್ಲಿ, ಮಗ ಪುಣೆಲಿ. ಅವ್ರ ಅತ್ತೆಗೆ ಲಕ್ವ ಹೊಡೆದು ಒಂಬತ್ತು ವರ್ಷ ಹಾಸಿಗೆ ಮೇಲೇ ಇದ್ರು. ಆ ಒಂಬತ್ತು ವರ್ಷ ಸರೋಜಕ್ಕನ ದಿನ ಅನ್ನೋದು ಅತ್ತೆಯ ದಿನಾನೇ. ಬೆಳಗ್ಗೆ ಐದಕ್ಕೆ ಎದ್ದು ಬಟ್ಟೆ ಬದಲಾಯಿಸಿ ಮೈ ಒರೆಸೋದು, ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಿಸೋದು, ಗಂಜಿ ಕುಡಿಸೋದು, ಮಾತ್ರೆ ಪುಡಿ ಮಾಡಿ ಕೊಡೋದು, ಸೊಂಟದ ಹತ್ರ ಕೆಂಪಾಗಿದ್ಯಾ ನೋಡೋದು, ರಾತ್ರಿ ಮೂರಕ್ಕೆ ಅಲಾರಂ ಇಲ್ಲದೆ ಎಚ್ಚರ ಆಗೋದು. ಯಾರ ಮದ್ವೆಗೂ ರಾತ್ರಿ ಉಳ್ಕೊಂಡಿದ್ದಿಲ್ಲ. ಒಂಬತ್ತು ವರ್ಷದಲ್ಲಿ ಅತ್ತೆ ಮೈಮೇಲೆ ಒಂದೇ ಒಂದು ಸಲ ಹಾಸಿಗೆ ಹುಣ್ಣಾಗಿತ್ತಂತೆ, ಅದೂ ಇವ್ರು ಬಾಣಂತನಕ್ಕೆ ಅಂತ ಮಗಳ ಹತ್ರ ಹೋಗಿದ್ದಾಗ. ಇದನ್ನ ಅವ್ರು ಹೆಮ್ಮೆಯಿಂದ ಹೇಳಲ್ಲ, ಲೆಕ್ಕ ಒಪ್ಪಿಸೋ ಥರ ಹೇಳ್ತಾರೆ.

ಅತ್ತೆ ತೀರ್ಕೊಂಡ್ರು. ಹದಿಮೂರನೇ ದಿನದ ಊಟಕ್ಕೆ ಬಂದೋರೆಲ್ಲ ಹೇಳಿದ್ದು ಒಂದೇ ಮಾತು, ಅವ್ರಿಗೂ ಮುಕ್ತಿ ಸಿಕ್ತು ನಿಂಗೂ ಬಿಡುಗಡೆ ಆಯ್ತು, ಇನ್ನಾದ್ರೂ ಆರಾಮಾಗಿರು ಅಂತ. ಆರಾಮಾಗಿರೋದು ಹೇಗೆ ಅಂತ ಮಾತ್ರ ಯಾರೂ ಹೇಳ್ಲಿಲ್ಲ. ರಾತ್ರಿ ಮೂರಕ್ಕೆ ಎಚ್ಚರ ಆಗೋದು ನಿಲ್ಲಲಿಲ್ಲ, ಎದ್ದು ಖಾಲಿ ಮಂಚದ ಹತ್ರ ಹೋಗಿ ನಿಲ್ಲೋರಂತೆ. ಟೀವಿ ಸೀರಿಯಲ್ ಹಿಡಿಸ್ಲಿಲ್ಲ, ದೇವಸ್ಥಾನದ ಭಜನೆ ಮಂಡಳಿಗೆ ಸೇರಿಸಿದ್ರು, ಅಲ್ಲಿ ಸೊಸೆಯಂದಿರ ದೂರು ಕೇಳಿ ಕೇಳಿ ಬಿಟ್ರು. ಮಗಳು ಫೋನ್ ಮಾಡಿದಾಗೆಲ್ಲ "ಏನಮ್ಮಾ ಮಾಡ್ತಿದೀಯಾ" ಅಂದ್ರೆ "ಏನಿಲ್ಲ ಕಣೇ" ಅನ್ನೋರು. ಆ ಮಾತು ಅಕ್ಷರಶಃ ನಿಜ ಅಂತ ಮಗಳಿಗೆ ಹೊಳೆಯೋಕೆ ಸ್ವಲ್ಪ ಟೈಮ್ ಬೇಕಾಯ್ತು.

ನಾಯಿಗಳು ಬಂದಿದ್ದು ಹೇಗೆ ಅಂದ್ರೆ, ಅತ್ತೆಗೆ ಅಂತ ಮಾಡ್ತಿದ್ದ ಮೆತ್ತಗಿನ ಅನ್ನ ಅಭ್ಯಾಸ ಬಲದಿಂದ ಜಾಸ್ತಿ ಆಗ್ಬಿಡ್ತಿತ್ತು, ಅದನ್ನ ಹಾಲು ಕಲೆಸಿ ಗೇಟಾಚೆ ಇಡೋಕೆ ಶುರು ಮಾಡಿದ್ರು. ಪ್ರಾಣಿಪ್ರೀತಿ ಗೀತಿ ಏನೂ ಇರ್ಲಿಲ್ಲ, ಅವ್ರೇ ಹೇಳ್ತಾರೆ, ಚಿಕ್ಕ ವಯಸ್ಸಲ್ಲಿ ನಾಯಿ ಕಂಡ್ರೆ ಕಲ್ಲು ಎತ್ಕೊಳ್ತಿದ್ದೆ ಅಂತ.

ಸಮಸ್ಯೆ ಶುರುವಾಗಿದ್ದು

ಬೀದಿನಾಯಿಗೆ ಊಟ ಹಾಕೋರ ಮೊದಲ ಜಗಳ ಯಾವಾಗ್ಲೂ ಅಕ್ಕಪಕ್ಕದೋರ ಜೊತೆ. ಇಲ್ಲೂ ಹಾಗೇ ಆಯ್ತು. ಗೇಟ್ ಮುಂದೆ ನಾಯಿ ಸೇರೋಕೆ ಶುರುವಾಯ್ತು, ಟ್ಯೂಷನ್‌ಗೆ ಹೋಗೋ ಮಕ್ಕಳು ಹೆದರಿಕೊಂಡ್ರು, ಎದುರು ಮನೆಯೋರು ಬೈದ್ರು. ಆ ವಿಷಯಕ್ಕೆ ಅವ್ರು ನಮಗೆ ಫೋನ್ ಮಾಡಿದ್ದೇ ಪರಿಚಯ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದಲ್ಲಿ ಊಟ ಹಾಕೋ ಜಾಗ ಮಕ್ಕಳು ಆಡೋ ಕಡೆ, ಓಡಾಡೋ ಬಾಗಿಲು ಮೆಟ್ಟಿಲು ಹತ್ರ ಇರ್ಬಾರ್ದು, ಮಕ್ಕಳು ವಯಸ್ಸಾದೋರು ಓಡಾಡದೇ ಇರೋ ಹೊತ್ತಲ್ಲಿ ಹಾಕ್ಬೇಕು ಅಂತ ಇದೆ, ಅದನ್ನ ಹೇಳಿ ಲೇಔಟ್ ಕೊನೇಲಿರೋ ಖಾಲಿ ಸೈಟ್ ಹತ್ರ ರಾತ್ರಿ ಹತ್ತರ ಮೇಲೆ ಹಾಕಿ ಅಂತ ಹೇಳಿದ್ವಿ. ಆ ನಾಯಿಗಳಿಗೆ ಮರಿ ಆಗದಂಗೆ ಆಪರೇಷನ್, ರೇಬಿಸ್ ಲಸಿಕೆ ಮಾಡಿಸಿ, ಆಪರೇಷನ್ ಆಗಿದೆ ಅಂತ ತಿಳಿಯೋಕೆ ಕಿವಿ ತುದಿ ಗುರುತು ಹಾಕಿ ಅದೇ ಜಾಗಕ್ಕೆ ವಾಪಸ್ ಬಿಟ್ವಿ. ಜಗಳ ಪೂರ್ತಿ ನಿಲ್ಲಲಿಲ್ಲ, ಕಮ್ಮಿ ಆಯ್ತು.

ಅಲ್ಲಿಗೆ ನಿಂತಿದ್ರೆ ಪ್ರಕರಣ ಬರೆಯೋ ಅಗತ್ಯ ಇರ್ತಿರ್ಲಿಲ್ಲ. ಆಗ ನಮ್ಮಲ್ಲಿದ್ದ ರೂಢಿ ಏನಂದ್ರೆ ಯಾರಾದ್ರೂ ಆಸಕ್ತಿ ತೋರಿಸಿದ್ರೆ ವಾಟ್ಸಾಪ್ ಗ್ರೂಪಿಗೆ ಸೇರಿಸಿ ಆ ಏರಿಯಾದ ರೆಸ್ಕ್ಯೂ ನಂಬರ್ ಅಂತ ಅವ್ರ ನಂಬರ್ ಹಾಕ್ಬಿಡೋದು. ರಾಜ್ಯದ ಬಹುತೇಕ ಸಣ್ಣ ಗುಂಪುಗಳು ನಡೆಯೋದೇ ಹೀಗೆ. ಸರೋಜಕ್ಕನ ನಂಬರ್ ಎಲ್ಲ ಕಡೆ ಹರಿದಾಡ್ತು. ಬೆಳಗ್ಗೆ ಆರಕ್ಕೆ ಫೋನ್, ರಾತ್ರಿ ಹನ್ನೊಂದಕ್ಕೆ ಫೋನ್. ಫೋನ್ ಮಾಡೋರು ಸಹಾಯ ಕೇಳಲ್ಲ, ಆರ್ಡರ್ ಮಾಡ್ತಾರೆ. ನಮ್ಮ ರೋಡಲ್ಲಿ ನಾಯಿ ಬಿದ್ದಿದೆ ಬಂದು ಎತ್ಕೊಂಡು ಹೋಗಿ, ನಾವು ಬರೋ ತನಕ ಅಲ್ಲೇ ನಿಂತಿರ್ತೀರಾ ಅಂದ್ರೆ ಇಲ್ಲ ಮೇಡಂ ನಂಗೆ ಆಫೀಸಿದೆ. ಹೋದ್ರೆ ನಾಯಿ ಇರಲ್ಲ, ಇದ್ರೂ ಅದು ಸತ್ತು ಎಷ್ಟೋ ಹೊತ್ತಾಗಿರುತ್ತೆ.

ಮೊದಲ ಎರಡು ತಿಂಗಳು ಅವ್ರು ಬಹಳ ಖುಷಿಯಾಗಿದ್ರು ಅಂತಾನೇ ಹೇಳ್ಬೇಕು. ಯಾರೋ ಕರೀತಾರೆ, ಓಡ್ಬೇಕು, ತಾನು ಬೇಕಾಗಿದೀನಿ ಅನ್ನೋದು. ಸ್ಕೂಟಿ ಹಿಂದೆ ಯಜಮಾನ್ರನ್ನ ಕೂರಿಸ್ಕೊಂಡು ಗೋಣಿಚೀಲ ಹಗ್ಗ ಹಿಡ್ಕೊಂಡು ಹೋಗೋರು. ಹೊರಗಿಂದ ನೋಡೋರಿಗೆ ಇದೇ ಕಥೆಯ ಸುಖಾಂತ್ಯ ಅನ್ನಿಸ್ತಿತ್ತು, ನಮ್ಮ ಗ್ರೂಪಲ್ಲಿ ಅವ್ರಿಗೆ ಕೈ ಮುಗಿಯೋ ಎಮೋಜಿಗಳ ಸುರಿಮಳೆ.

ಆದ್ರೆ ತುರ್ತು ರೆಸ್ಕ್ಯೂ ಅನ್ನೋದ್ರಲ್ಲಿ ಒಂದು ವಿಚಿತ್ರ ಇದೆ. ಅದ್ರಲ್ಲಿ ಮುಗಿಸೋದು ಅಂತ ಇಲ್ಲ. ಎತ್ಕೊಂಡು ಬಂದು ಶೆಲ್ಟರಿಗೆ ಬಿಟ್ಟ ನಾಯಿ ಏನಾಯ್ತು ಅಂತ ಕೇಳೋ ಹೊತ್ತಿಗೆ ಮುಂದಿನ ಫೋನು ಬಂದಿರುತ್ತೆ, ಕೇಳಿದ್ರೂ ಅರ್ಧಕ್ಕರ್ಧ ಸಲ ಉತ್ತರ ಒಳ್ಳೇದಿರಲ್ಲ, ಗಾಡಿಗೆ ಸಿಕ್ಕಿದ ನಾಯಿ ಬದುಕೋದು ಕಷ್ಟ. ಒಂಬತ್ತು ವರ್ಷ ಒಂದೇ ಜೀವವನ್ನ ದಿನಾ ನೋಡ್ಕೊಂಡೋರಿಗೆ ದಿನಕ್ಕೊಂದು ಜೀವ ನೋಡಿ ಬಿಟ್ಟು ಬರೋ ಕೆಲಸ ಕೊಟ್ಟಂಗಾಯ್ತು.

ಮರಿಗಳು

ಮೊದಲ ತಿರುವು ಮರಿಗಳಿಂದ. ಯಾರೋ ರಟ್ಟಿನ ಡಬ್ಬದಲ್ಲಿ ಆರು ಮರಿ ತಂದು ಅವ್ರ ಗೇಟ್ ಹತ್ರ ಇಟ್ಟು ಹೋದ್ರು. ನಂಬರ್ ಹರಿದಾಡಿದ್ರೆ ವಿಳಾಸಾನೂ ಹರಿದಾಡುತ್ತೆ. ಶೆಲ್ಟರಲ್ಲಿ ಜಾಗ ಇಲ್ಲ, ಅವ್ರು ಮನೇಲೇ ಇಟ್ಕೊಂಡ್ರು, ಅತ್ತೆಯ ರೂಮಲ್ಲೇ. ಒಂದು ವಾರ ಚೆನ್ನಾಗಿದ್ವು. ಆಮೇಲೆ ಒಂದು ಮರಿ ಊಟ ಬಿಡ್ತು, ವಾಂತಿ, ಮಾರನೇ ದಿನ ರಕ್ತದ ಭೇದಿ. ಪಾರ್ವೋ, ನಾಯಿಮರಿಗಳ ಜೀವ ತೆಗೆಯೋ ವೈರಸ್ ಖಾಯಿಲೆ. ಲಸಿಕೆ ಆಗದೇ ಇರೋ ಮರಿಗಳಲ್ಲಿ ಒಂದಕ್ಕೆ ಬಂದ್ರೆ ಜೊತೇಲಿರೋದಕ್ಕೆಲ್ಲ ಹರಡುತ್ತೆ. ಡ್ರಿಪ್ ಹಾಕ್ಸಿದ್ರು, ರಾತ್ರಿಯೆಲ್ಲ ಸಿರಿಂಜಲ್ಲಿ ಓಆರ್‌ಎಸ್ ಕುಡಿಸಿದ್ರು. ಐದು ಹೋದ್ವು, ಒಂದು ಉಳೀತು, ಅದನ್ನ ಮಗಳ ಸ್ನೇಹಿತೆ ಒಬ್ಳು ಸಾಕೋಕೆ ತಗೊಂಡ್ಳು.

ಇಲ್ಲಿ ಒಂದು ತಾಂತ್ರಿಕ ವಿಷಯ ಹೇಳಿ ಮುಂದೆ ಹೋಗ್ತೀನಿ, ಬಹಳ ಜನಕ್ಕೆ ಗೊತ್ತಿಲ್ಲ. ಪಾರ್ವೋ ವೈರಸ್ ಫಿನಾಯ್ಲ್ ಹಾಕಿದ್ರೆ ಸಾಯಲ್ಲ, ಮಣ್ಣಲ್ಲಿ ವರ್ಷಗಟ್ಟಲೆ ಇರುತ್ತೆ, ಬ್ಲೀಚನ್ನ ಒಂದಕ್ಕೆ ಮೂವತ್ತು ಪಾಲು ನೀರು ಬೆರೆಸಿ ನೆಲ ಪಾತ್ರೆ ಎಲ್ಲ ತೊಳೀಬೇಕು, ಅದನ್ನ ಹತ್ತು ನಿಮಿಷ ಹಾಗೇ ಬಿಟ್ಟು ಆಮೇಲೆ ತೊಳೆದು ಹಾಕ್ಬೇಕು. ಹೊರಗಿಂದ ಬಂದ ಮರಿನ ಕನಿಷ್ಠ ಎರಡು ವಾರ ಬೇರೆ ನಾಯಿಗಳಿಂದ ದೂರ ಇಡ್ಬೇಕು. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ ಹಾಕಿಸ್ಬೇಕು. ಹಾಗಾಗಿ ಪಾರ್ವೋ ಆದ ಮನೆಗೆ ಲಸಿಕೆ ಆಗದ ಮರಿ ಮತ್ತೆ ತರೋ ಹಾಗಿಲ್ಲ.

ಐದನೇ ಮರಿ ಹೋದ ಮೇಲೆ ಸರೋಜಕ್ಕ ಫೋನ್ ಆಫ್ ಮಾಡಿ ಇಟ್ರು. ಗ್ರೂಪಿಂದ ಹೊರಗೆ ಹೋದ್ರು. ಊಟ ಸರಿಯಾಗಿ ಮಾಡ್ತಿಲ್ಲ, ಸ್ನಾನ ಮಾಡೋಕೂ ಏಳಲ್ಲ ಅಂತ ಯಜಮಾನ್ರು ಮಗಳಿಗೆ ಹೇಳಿದ್ರು. ಮಗಳು ಟೆಲಿ ಮಾನಸ್‌ಗೆ ಫೋನ್ ಮಾಡಿದ್ಳು, 14416, ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು, ಕನ್ನಡದಲ್ಲೇ ಮಾತಾಡ್ತಾರೆ. ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ರ ಹೋಗಿ ಅಂದ್ರು. ಔಷಧಿ ಶುರುವಾಯ್ತು. ಸರೋಜಕ್ಕ ಹಾಕ್ಲೇಬೇಕು ಅಂತ ಹಟ ಮಾಡಿದ ವಿಷಯ ಇದೇ. "ನೋಡಪ್ಪಾ, ನಾಯಿ ನೋಡ್ಕೊಂಡು ಖಾಯಿಲೆ ವಾಸಿ ಆಯ್ತು ಅಂತ ಮಾತ್ರ ಬರೀಬೇಡ, ಮಾತ್ರೆ ತಗೊಂಡೆ, ಈಗ್ಲೂ ತಗೊಳ್ತಿದೀನಿ ಅಂತ ಬರಿ, ಇಲ್ಲಾಂದ್ರೆ ನನ್ನಂಥೋರು ಯಾರೋ ಮಾತ್ರೆ ಬಿಟ್ಟು ನಾಯಿ ಹುಡ್ಕೊಂಡು ಹೊರಡ್ತಾರೆ" ಅಂದ್ರು.

ಅವ್ರು ಇನ್ನು ಬರಲ್ಲ ಅಂತಾನೇ ನಾವೆಲ್ಲ ಅಂದ್ಕೊಂಡಿದ್ವಿ. ವಾಲಂಟಿಯರ್‌ಗಳಲ್ಲಿ ಹೆಚ್ಚು ಜನ ಹೀಗೇ ಹೋಗೋದು, ಜಗಳ ಆಡಿ ಹೋಗೋರು ಕಮ್ಮಿ.

ಏರ್ ಬೆಡ್

ಕೆಲವು ತಿಂಗಳಾದ ಮೇಲೆ ಅವ್ರ ಯಜಮಾನ್ರು ಫೋನ್ ಮಾಡಿದ್ರು. ಅತ್ತೆಯ ಸಾಮಾನು ಮನೇಲಿ ಹಾಗೇ ಇದೆ, ಗಾಳಿ ತುಂಬೋ ಹಾಸಿಗೆ, ರಬ್ಬರ್ ಶೀಟು, ಹಳೇ ಕಾಟನ್ ಸೀರೆಗಳು, ಒಂದು ಮೂಟೆ ಆಗುತ್ತೆ, ನಿಮ್ಮಲ್ಲಿ ಉಪಯೋಗ ಆದ್ರೆ ಕೊಡ್ತೀವಿ ಅಂತ. ಹಳೇ ಬಟ್ಟೆ ಯಾವ ಶೆಲ್ಟರೂ ಬೇಡ ಅನ್ನಲ್ಲ. ಇಬ್ರೂ ಆಟೋದಲ್ಲಿ ತಂದ್ರು.

ಆ ಹೊತ್ತಿಗೆ ನಮ್ಮ ಹತ್ರ ಒಂದು ನಾಯಿ ಇತ್ತು, ಕಂದು ಬಣ್ಣದ ಹೆಣ್ಣು ನಾಯಿ, ಲಾರಿ ತಾಗಿ ಬೆನ್ನುಮೂಳೆ ಮುರಿದಿತ್ತು, ಹಿಂದಿನ ಎರಡೂ ಕಾಲಲ್ಲಿ ಸ್ವಾಧೀನ ಇಲ್ಲ. ಡಾಕ್ಟ್ರು ಕಾಲ್ಬೆರಳನ್ನ ಫೋರ್ಸೆಪ್ಸಲ್ಲಿ ಗಟ್ಟಿಯಾಗಿ ಒತ್ತಿ ನೋಡಿದ್ರು, ಕಾಲು ತನ್ನಷ್ಟಕ್ಕೆ ಹಿಂದೆ ಸರೀತು ಅಷ್ಟೇ, ನಾಯಿ ತಿರುಗಿ ನೋಡ್ಲಿಲ್ಲ, ಕೂಗ್ಲಿಲ್ಲ. ಕಾಲು ಎಳ್ಕೊಂಡಿದ್ದು ನೋಡಿ ನೋವು ಗೊತ್ತಾಗ್ತಿದೆ ಅಂತ ಎಷ್ಟೋ ಜನ ಖುಷಿ ಪಡ್ತಾರೆ, ಅದು ಬರೀ ಕಾಲಿನ ಪ್ರತಿಕ್ರಿಯೆ, ನೋವು ಮಿದುಳಿಗೆ ಮುಟ್ಟಿದ್ರೆ ನಾಯಿ ತಿರುಗಿ ನೋಡುತ್ತೆ ಇಲ್ಲಾ ಕಚ್ಚೋಕೆ ಬರುತ್ತೆ. ಅದು ಇಲ್ಲ ಅಂದ್ರೆ ಮತ್ತೆ ನಡೆಯೋ ಸಾಧ್ಯತೆ ಬಹಳ ಕಮ್ಮಿ. ಸೊಂಟದ ಎರಡೂ ಮೂಳೆ ಮೇಲೆ ಹುಣ್ಣಾಗಿತ್ತು, ಮೂತ್ರ ತಾನಾಗಿ ಹೋಗ್ತಿರ್ಲಿಲ್ಲ, ತುಂಬಿ ತುಂಬಿ ಸೋರ್ತಿತ್ತು, ಆ ಒದ್ದೆಗೆ ತೊಡೆಯೆಲ್ಲ ಸುಟ್ಟಂಗಾಗಿ ನೊಣ ಮುತ್ತಿಕೊಳ್ತಿತ್ತು. ನೊಣ ಮೊಟ್ಟೆ ಇಟ್ಟ ಒಂದೇ ದಿನದಲ್ಲಿ ಹುಳ ಆಗುತ್ತೆ. ದಯಾಮರಣ ಕೊಡೋದೇ ಒಳ್ಳೇದು ಅನ್ನೋ ಮಾತು ಕಮಿಟಿಲಿ ಬಂದಿತ್ತು, ನಂದೂ ಅದೇ ಅಭಿಪ್ರಾಯ, ಈಗ್ಲೂ ಆ ಸ್ಥಿತಿಲಿ ಅದು ತಪ್ಪು ಅಭಿಪ್ರಾಯ ಅಂತ ನಂಗನ್ನಿಸಲ್ಲ, ನೋಡ್ಕೊಳ್ಳೋಕೆ ಕೈ ಇಲ್ಲದ ಕಡೆ ಇಂಥ ನಾಯಿನ ಇಟ್ಕೊಳ್ಳೋದು ದಯೆ ಅಲ್ಲ. (ಲಾರಿಯೋನಿಗೆ ಏನಾಯ್ತು ಅಂತ ಕೇಳ್ಬೇಡಿ. ಗಾಡಿ ನಂಬರೇ ಯಾರೂ ನೋಡಿಲ್ಲ. ಪ್ರಾಣಿ ಹಿಂಸೆ ತಡೆಗೆ ಅಂತ 1960ರಲ್ಲಿ ಮಾಡಿದ ಕಾಯ್ದೇಲಿ ಹೊಡೆದು ಹಿಂಸೆ ಕೊಟ್ಟ ಮೊದಲ ಅಪರಾಧಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ.)

ಸರೋಜಕ್ಕ ಮೂಟೆ ಇಳಿಸಿ ಹೋಗೋರು, ಆ ನಾಯಿ ಹತ್ರ ನಿಂತ್ರು. ಬಗ್ಗಿ ಹುಣ್ಣು ನೋಡಿದ್ರು. ಅಯ್ಯೋ ಪಾಪ ಅನ್ಲಿಲ್ಲ. "ಎಷ್ಟೊತ್ತಿಗೊಂದ್ಸಲ ಮಗ್ಗುಲು ಬದಲಿಸ್ತೀರಾ?" ಅಂತ ಶೆಲ್ಟರ್ ಹುಡುಗನ್ನ ಕೇಳಿದ್ರು. ಅವನು ನನ್ನ ಮುಖ ನೋಡ್ದ. "ಅಲ್ಲ ಕಣೋ, ಒಂದೇ ಮಗ್ಗುಲಲ್ಲಿ ಸಿಮೆಂಟ್ ನೆಲದ ಮೇಲೆ ಮಲಗಿಸಿ ಮೇಲೆ ಎಷ್ಟು ಔಷಧಿ ಹಚ್ಚಿದ್ರೆ ಏನು ಬಂತು" ಅಂದ್ರು. ಆಮೇಲೆ ಯಜಮಾನ್ರ ಕಡೆ ತಿರುಗಿ ಹಾಸಿಗೆಗೆ ಗಾಳಿ ತುಂಬೋಕೆ ಹೇಳಿದ್ರು.

ಇಡೀ ಪ್ರಕರಣದಲ್ಲಿ ಮುಖ್ಯ ಘಳಿಗೆ ಯಾವ್ದು ಅಂತ ಕೇಳಿದ್ರೆ ನಾನು ಇದನ್ನೇ ತೋರಿಸ್ತೀನಿ. ಅಷ್ಟು ದಿನ ನಾವು ಅವ್ರನ್ನ ಪ್ರಾಣಿಗಳ ಬಗ್ಗೆ ಏನೂ ಗೊತ್ತಿಲ್ಲದ ಹೊಸಬ್ರು ಅಂತ ಲೆಕ್ಕ ಹಾಕಿದ್ವಿ. ಸ್ವಾಧೀನ ತಪ್ಪಿದ ದೇಹವನ್ನ ನೋಡ್ಕೊಳ್ಳೋದ್ರಲ್ಲಿ ನಮ್ಮ ಶೆಲ್ಟರಲ್ಲಿ ಅವ್ರಷ್ಟು ಅನುಭವ ಯಾರಿಗೂ ಇರ್ಲಿಲ್ಲ.

ಏನೇನು ಮಾಡಿದ್ವಿ

ಆವತ್ತೇ ಹ್ಞೂಂ ಅನ್ಲಿಲ್ಲ ನಾವು. ಮರಿಗಳ ವಿಷಯ ಎಲ್ರಿಗೂ ನೆನಪಿತ್ತು. ಮಗಳ ಹತ್ರ ಮಾತಾಡಿದ್ವಿ, ಸರೋಜಕ್ಕನ ಮನೋವೈದ್ಯರನ್ನ ಕೇಳೋಕೆ ಹೇಳಿದ್ವಿ, ದಿನಾ ಒಂದು ಗೊತ್ತಾದ ಹೊತ್ತಿಗೆ ಹೋಗಿ ಬರೋದಾದ್ರೆ ಒಳ್ಳೇದೇ, ರಾತ್ರಿ ಬೇಡ ಅಂದ್ರಂತೆ. ಅದರ ಮೇಲೆ ಕೆಲವು ಕರಾರು ಹಾಕ್ಕೊಂಡ್ವಿ. ಫೋನ್ ನಂಬರ್ ಯಾರಿಗೂ ಕೊಡೋ ಹಾಗಿಲ್ಲ. ಮನೆಗೆ ಯಾವ ಪ್ರಾಣೀನೂ ಒಯ್ಯೋ ಹಾಗಿಲ್ಲ. ಒಂದೇ ನಾಯಿ, ಬೆಳಗ್ಗೆ ಎಂಟರಿಂದ ಹತ್ತು, ಸಂಜೆ ನಾಲ್ಕರಿಂದ ಐದು, ಭಾನುವಾರ ರಜೆ. ಮಧ್ಯದ ಹೊತ್ತು ಹುಡುಗ್ರು ನೋಡ್ಕೊಳ್ಬೇಕು. ರಜೆ ಯಾಕೆ ಅಂತ ಅವ್ರು ಜಗಳ ಆಡಿದ್ರು, ನಾವು ಬಿಡ್ಲಿಲ್ಲ. ಅವ್ರಿಲ್ಲದ ದಿನಾನೂ ಆ ನಾಯಿ ಬದುಕುತ್ತೆ ಅನ್ನೋದು ಅವ್ರಿಗೆ ಕಣ್ಣಾರೆ ಕಾಣ್ಬೇಕಿತ್ತು.

ಅದಕ್ಕೂ ಮುಂಚೆ ಲಸಿಕೆ. ಇದನ್ನ ಒತ್ತಿ ಹೇಳ್ಬೇಕು. ಹಿಂದಿನ ಕಾಲು ಬಿದ್ದುಹೋದ ನಾಯಿ ಅಂದ ತಕ್ಷಣ ಆಕ್ಸಿಡೆಂಟ್ ಅಂದ್ಕೊಳ್ಬಾರ್ದು. ರೇಬಿಸ್‌ನಲ್ಲಿ ಬರೀ ಹುಚ್ಚೆದ್ದು ಕಚ್ಚೋ ರೂಪ ಒಂದೇ ಅಲ್ಲ, ಸುಮ್ನೆ ಮಂಕಾಗಿ ಕಾಲು ಸ್ವಾಧೀನ ತಪ್ಪಿ ದವಡೆ ಜೋತುಬಿದ್ದು ಜೊಲ್ಲು ಸುರಿಸೋ ರೂಪಾನೂ ಇದೆ, ಗಂಟಲಲ್ಲಿ ಮೂಳೆ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕೋರೂ ಇದಾರೆ. ಡಿಸ್ಟೆಂಪರ್ ಅನ್ನೋ ನಾಯಿಗಳ ವೈರಸ್ ಖಾಯಿಲೇಲೂ ಕಾಲು ಹೋಗುತ್ತೆ. ಗಾಯ ಎಕ್ಸ್‌ರೇ ಏನೂ ಇಲ್ಲದೆ ಕಾಲು ಬಿದ್ದಿರೋ ನಾಯಿನ ನಮ್ಮಲ್ಲಿ ಹತ್ತು ದಿನ ಬೇರೆ ಇಡ್ತೀವಿ, ಯಾರೂ ಬರಿಗೈಲಿ ಮುಟ್ಟಲ್ಲ. ರೇಬಿಸ್ ಆಗಿ ಲಕ್ಷಣ ಬಂದಿದ್ರೆ ಅಷ್ಟರೊಳಗೆ ಸಾಯುತ್ತೆ. ವಾಲಂಟಿಯರ್‌ಗಳಿಗೆ ಕಚ್ಚೋಕೆ ಮುಂಚಿನ ರೇಬಿಸ್ ಲಸಿಕೆ ಕಡ್ಡಾಯ, ಮೊದಲ ದಿನ, ಏಳನೇ ದಿನ, ಮತ್ತೆ ಇಪ್ಪತ್ತೊಂದು ಅಥವಾ ಇಪ್ಪತ್ತೆಂಟನೇ ದಿನ. ಅದು ಹಾಕಿದ್ರೂ ಕಚ್ಚಿದ್ರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ ಮತ್ತೆರಡು ಡೋಸ್ ಹಾಕಿಸ್ಕೊಳ್ಬೇಕು. ಸರೋಜಕ್ಕ ಮೂರೂ ಮುಗಿಯೋ ತನಕ ಕಾದ್ರು, ಅಲ್ಲೀತನಕ ಪಕ್ಕದಲ್ಲಿ ಕೂತು ಹುಡುಗ್ರಿಗೆ ಹೇಳಿ ಮಾಡ್ಸೋದಷ್ಟೇ.

ಮೂತ್ರ ತೆಗೆಯೋದನ್ನ ಡಾಕ್ಟ್ರು ಕಲಿಸಿದ್ರು. ನಾಯಿನ ನಿಲ್ಲೋ ಥರ ಹಿಡ್ಕೊಂಡು, ಹಿಂದಿನ ಕಾಲಿನ ಮುಂದೆ ಹೊಟ್ಟೆಯ ಎರಡೂ ಕಡೆ ಅಂಗೈ ಇಟ್ಟು, ನೀರು ತುಂಬಿದ ಬಲೂನ್ ಥರ ಸಿಗೋ ಮೂತ್ರಕೋಶನ ನಿಧಾನಕ್ಕೆ ಹಿಂದಕ್ಕೆ ಒತ್ತಬೇಕು, ಧಡ್ ಅಂತ ಒತ್ತಿದ್ರೆ ಒಡೆದೇ ಹೋಗ್ಬಹುದು, ಹಾಗಾಗಿ ಓದ್ಕೊಂಡು ಮಾಡೋ ಕೆಲಸ ಅಲ್ಲ ಇದು, ಡಾಕ್ಟ್ರ ಕೈ ಕೆಳಗೆ ಕೈ ಇಟ್ಟು ಕಲೀಬೇಕು. ದಿನಕ್ಕೆ ಮೂರರಿಂದ ನಾಲ್ಕು ಸಲ, ಪೂರ್ತಿ ಖಾಲಿ ಆಗ್ಬೇಕು, ಒಳಗೆ ಉಳಿದ್ರೆ ಸೋಂಕು. ಸರೋಜಕ್ಕಂಗೆ ಕೆಲವೇ ದಿನದಲ್ಲಿ ಕೈ ಕೂತ್ಕೊಳ್ತು. ಬಣ್ಣ, ವಾಸನೆ ನೋಡಿ ಸೋಂಕು ಶುರುವಾಗಿದೆ ಅಂತ ಡಾಕ್ಟ್ರಿಗಿಂತ ಮುಂಚೆ ಹೇಳೋರು.

ಉಳಿದಿದ್ದನ್ನ ಅವ್ರೇ ನಮಗೆ ಕಲಿಸಿದ್ರು. ಒಂದು ಕ್ಯಾಲೆಂಡರ್ ಹಿಂಬದಿ ತಗೊಂಡು ಗೆರೆ ಎಳೆದು ಚಾರ್ಟ್ ಮಾಡಿ ಗೋಡೆಗೆ ಅಂಟಿಸಿದ್ರು, ಎಡ ಮಗ್ಗುಲು, ಬಲ ಮಗ್ಗುಲು, ಎದೆ ಮೇಲೆ, ಗಂಟೆ, ಯಾರು ಮಾಡಿದ್ದು, ಮೂತ್ರ, ಮಲ, ಊಟ. ಅತ್ತೆಗೂ ಇಂಥದೇ ಒಂದು ಇತ್ತಂತೆ. ಹುಡುಗ್ರು ಮಾಡದೇ ಟಿಕ್ ಹಾಕಿದ್ರೆ ಹಿಡಿದುಬಿಡೋರು, ಹಾಸಿಗೆ ಮೇಲೆ ಯಾವ ಕಡೆ ಬಿಸಿ ಇದೆ ಅಂತ ಕೈ ಇಟ್ಟು ನೋಡಿ. ಹುಣ್ಣಿಗೆ ಸಲೈನ್‌ನಲ್ಲಿ ತೊಳೆದು ಸಕ್ಕರೆ ತುಂಬಿ ಕಟ್ಟೋ ಡ್ರೆಸ್ಸಿಂಗ್ ಡಾಕ್ಟ್ರು ಹೇಳಿದ್ದು, ಸಕ್ಕರೆ ಹುಣ್ಣಿನ ನೀರು ಎಳ್ಕೊಳ್ಳುತ್ತೆ, ಕೀಟಾಣು ಬೆಳೆಯೋಕೆ ಬಿಡಲ್ಲ, ದಿನಾ ಬದಲಿಸ್ಬೇಕು ಅಷ್ಟೇ. ಹಳೇ ಸೀರೆ ಹರಿದು ಬ್ಯಾಂಡೇಜ್ ಮೇಲೆ ಸುತ್ತೋಕೆ ಪಟ್ಟಿ ಮಾಡಿದ್ರು. ನೊಣಕ್ಕೆ ಸೊಳ್ಳೆ ಪರದೆ. ಮಲ ಗಟ್ಟಿ ಆಗದಂಗೆ ಅನ್ನಕ್ಕೆ ಬೇಯಿಸಿದ ಸಿಹಿಗುಂಬಳ.

ಏನಾಯ್ತು

ಹುಣ್ಣು ಮಾಯೋಕೆ ಸುಮಾರು ಎರಡು ತಿಂಗಳು ಹಿಡೀತು. ನಾಯಿ ನಡೀಲಿಲ್ಲ, ನಡೆಯೋದೂ ಇಲ್ಲ. ಯಜಮಾನ್ರು ಪಿವಿಸಿ ಪೈಪು, ಮಕ್ಕಳ ಸೈಕಲ್ ಚಕ್ರ ಹಾಕಿ ಗಾಡಿ ಕಟ್ಟಿದ್ರು, ಮೊದಲನೇದು ಭಾರ ಆಗಿ ಉಪಯೋಗ ಆಗ್ಲಿಲ್ಲ, ಎರಡನೇದು ಮಗುಚಿಕೊಳ್ತಿತ್ತು, ಆಮೇಲಿಂದು ಸರಿ ಹೋಯ್ತು. ಅವ್ರು ಬರೀ ಆಟೋ ಬಾಡಿಗೆ ಕೊಡೋಕೆ ಬರ್ತಿದ್ದೋರು ಈಗ ಶೆಲ್ಟರ್ ವೈರಿಂಗ್ ಪೂರ್ತಿ ಅವ್ರದ್ದೇ. ಇದು ನಾವು ಯೋಜನೆ ಹಾಕಿ ಮಾಡಿದ್ದಲ್ಲ. ಗಂಡ ಹೆಂಡ್ತಿ ಇಬ್ರಿಗೂ ಮನೇಲಿ ಮಾತಾಡೋಕೆ ಒಂದು ವಿಷಯ ಸಿಕ್ತು ಅಂತ ಮಗಳು ಹೇಳಿದ್ದು, ಅದನ್ನ ನಾನು ಸಣ್ಣ ವಿಷಯ ಅಂದ್ಕೊಂಡಿಲ್ಲ.

ಒಂದು ನಾಯಿ ಎರಡಾಯ್ತು, ಆಮೇಲೆ ನಾಲ್ಕು. ಈ ಹೊತ್ತಿಗೆ ಬೆಳಗ್ಗೆ ಪಾಳಿಗೆ ಇನ್ನೊಬ್ರು ರಿಟೈರ್ಡ್ ನರ್ಸ್ ಸೇರ್ಕೊಂಡ್ರು, ಸರೋಜಕ್ಕನೇ ಹುಡುಕಿ ತಂದಿದ್ದು, ಅತ್ತೆ ಇದ್ದಾಗ ಮನೆಗೆ ಬಂದು ಕ್ಯಾತಿಟರ್ ಹಾಕಿ ಹೋಗ್ತಿದ್ದೋರು.

ಎರಡನೇ ದೊಡ್ಡ ತಿರುವು ಮೂರನೇ ನಾಯಿದು. ಕುತ್ತಿಗೆಗೂ ಪೆಟ್ಟಾಗಿತ್ತು, ಮುಂದಿನ ಕಾಲಲ್ಲೂ ಶಕ್ತಿ ಇಲ್ಲ, ತಲೆ ಎತ್ತೋಕೆ ಒದ್ದಾಟ. ಮೂತ್ರದ ಸೋಂಕು ಒಂದು ಔಷಧಿಗೆ ಬಗ್ಗಿದ್ರೆ ಮತ್ತೆ ಬರೋದು. ಊಟ ಬಿಡೋಕೆ ಶುರು ಮಾಡ್ತು. ನಾವ್ಯಾರೂ ಬಾಯಿ ಬಿಡ್ಲಿಲ್ಲ, ಸರೋಜಕ್ಕ ಏನಂದ್ಕೊಳ್ತಾರೋ ಅಂತ. ಕಾಲು ಬಿದ್ದ ಈ ನಾಯಿಗಳಿರೋ ವಾರ್ಡಲ್ಲಿ ದಯಾಮರಣದ ಮಾತು ಅವ್ರ ಎದುರು ಎತ್ತಬಾರ್ದು ಅಂತ ಒಂದು ಅಲಿಖಿತ ನಿಯಮ ಆಗ್ಬಿಟ್ಟಿತ್ತು. ಕೊನೆಗೆ ಅವ್ರೇ ಡಾಕ್ಟ್ರನ್ನ ಕೇಳಿದ್ರು. "ಡಾಕ್ಟ್ರೇ, ಇದಕ್ಕೆ ನಾನು ಮಾಡ್ತಿರೋದ್ರಿಂದ ಆರಾಮ ಆಗ್ತಿದ್ಯಾ, ಇಲ್ಲಾ ನಂಗೆ ಆರಾಮ ಆಗ್ತಿದ್ಯಾ?" ಡಾಕ್ಟ್ರು ಸುಳ್ಳು ಹೇಳ್ಲಿಲ್ಲ. ಪರೀಕ್ಷೆ ಮಾಡಿ, ಕಾರಣ ಬರೆದು, ಮೊದಲು ಪ್ರಜ್ಞೆ ತಪ್ಪಿಸಿ ಆಮೇಲೆ ಇಂಜೆಕ್ಷನ್ ಕೊಟ್ರು. ಈ ಕೆಲಸ ಡಾಕ್ಟ್ರು ಮಾತ್ರ ಮಾಡ್ಬೇಕು, ದಾಖಲೆ ಇರ್ಬೇಕು. ಸರೋಜಕ್ಕ ತಲೆ ಹಿಡ್ಕೊಂಡು ಕೂತಿದ್ರು.

ಮುಕ್ತಿ ಸಿಕ್ತು ಅಂತ ನಮ್ಮ ಹುಡುಗ ಒಬ್ಬ ಬಾಯಿತಪ್ಪಿ ಅಂದ. ಅವ್ರು ಸಿಟ್ಟಾಗ್ಲಿಲ್ಲ, "ಹೌದು ಕಣೋ, ಇದಕ್ಕೆ ಸಿಕ್ತು" ಅಂದ್ರು. ಒಂದು ವಾರ ಬರ್ಲಿಲ್ಲ. ನನಗೆ ಮರಿಗಳ ಕಾಲ ನೆನಪಾಗಿ ಭಯ ಆಗಿತ್ತು, ಮಗಳಿಗೂ ಫೋನ್ ಮಾಡಿದೆ. ಆದ್ರೆ ಈ ಸಲ ಫೋನ್ ಆಫ್ ಆಗಿರ್ಲಿಲ್ಲ, ನಮ್ಮಮ್ಮ ಧರ್ಮಸ್ಥಳಕ್ಕೆ ಹೋಗಿದಾರೆ ಅಂದ್ಳು. ಮಗಳ ಬಾಣಂತನಕ್ಕೆ ಹೋಗಿದ್ದು ಬಿಟ್ರೆ ಹತ್ತು ವರ್ಷದಲ್ಲಿ ಮೊದಲ ಸಲ ಹೊರಗೆ ರಾತ್ರಿ ಉಳ್ಕೊಂಡು ಬಂದ್ರು. ಬಂದ ಮಾರನೇ ದಿನ ಎಂಟಕ್ಕೆ ವಾರ್ಡಲ್ಲಿದ್ರು, ಚಾರ್ಟಲ್ಲಿ ಎರಡು ಪಾಳಿ ಖಾಲಿ ಇದ್ದಿದ್ದಕ್ಕೆ ಎಲ್ರಿಗೂ ಬೈಗುಳ.

ನಾವು ಕಲಿತಿದ್ದು

ಈ ಪ್ರಕರಣ ನೋಡಿ ಪಾರ್ಶ್ವವಾಯು ವಾರ್ಡೇ ಮದ್ದು ಅಂದ್ಕೊಂಡ್ರೆ ಕೆಡ್ತು. ನಾವು ಹಾಗೆ ಮಾಡಿ ನೋಡಿದ್ವಿ. ಐಟಿ ಕೆಲಸ ಬಿಟ್ಟು ಊರಿಗೆ ಬಂದಿದ್ದ ಒಬ್ಬ ಹುಡುಗನ್ನ ಅದೇ ಪಾಳಿಗೆ ಹಾಕಿದ್ವಿ, ಒಂದು ತಿಂಗಳು ಕಷ್ಟಪಟ್ಟು ಬಂದ, ಆಮೇಲೆ ಮುಖ ತೋರಿಸ್ಲಿಲ್ಲ. ಕರೆದು ಕೇಳಿದ್ರೆ ಆ ರೂಮಿನ ಒಳಗೆ ಉಸಿರು ಕಟ್ಟುತ್ತೆ ಅಂದ. ಅವನು ಈಗ ಆಪರೇಷನ್‌ಗೆ ನಾಯಿ ಹಿಡಿಯೋ ತಂಡದಲ್ಲಿ ಬಲೆ ಹಿಡ್ಕೊಂಡು ಬೆಳಗಿನ ಜಾವ ಊರೆಲ್ಲ ಸುತ್ತುತಾನೆ, ಯಾವ ಬೀದಿಲಿ ಎಷ್ಟಕ್ಕೆ ಕಿವಿ ಗುರುತು ಆಗಿದೆ ಅಂತ ಶೀಟ್ ಇಟ್ಕೊಂಡಿದಾನೆ, ಅವನಿಗೆ ಅದೇ ಸರಿ.

ಹಾಗಾಗಿ ಹೊಸಬ್ರು ಬಂದಾಗ ನಾನು ಕೇಳೋ ಪ್ರಶ್ನೆ ಬದಲಾಗಿದೆ. ಮುಂಚೆ ನಾಯಿ ಇಷ್ಟಾನಾ, ಎಷ್ಟು ಟೈಮ್ ಕೊಡ್ತೀರಾ ಅಂತ ಕೇಳ್ತಿದ್ದೆ. ಈಗ ಇದುವರೆಗೂ ದಿನಾ ಏನು ಮಾಡ್ತಿದ್ರಿ ಅಂತ ಕೇಳ್ತೀನಿ. ಲೆಕ್ಕ ಬರೆಯೋರು, ಹೊಲಿಯೋರು, ಸ್ಕೂಲ್ ವ್ಯಾನ್ ಓಡಿಸ್ತಿದ್ದೋರು, ಎಲ್ರಿಗೂ ಶೆಲ್ಟರಲ್ಲಿ ಜಾಗ ಇದೆ, ನಾಯಿ ತಬ್ಬಿಕೊಳ್ಳೋರಿಗೆ ಮಾತ್ರ ಅಂತಲ್ಲ. ಹೊಸಬ್ರಿಗೆ ಮೊದಲ ಆರು ತಿಂಗಳು ತುರ್ತು ಕರೆ ಇಲ್ಲ, ಮನೆಗೆ ಪ್ರಾಣಿ ಇಲ್ಲ. ರೆಸ್ಕ್ಯೂಗೆ ಅಂತ ಒಂದೇ ನಂಬರ್, ಅದು ಶೆಲ್ಟರ್ ಫೋನು, ಪಾಳಿ ಮೇಲೆ ಎತ್ತೋದು. ಇದ್ರಿಂದ ನಾವು ಕೆಲವು ಕರೆ ಕಳ್ಕೊಳ್ತೀವಿ, ಫೋನ್ ಎತ್ತಲ್ಲ ಅಂತ ಫೇಸ್‌ಬುಕ್ಕಲ್ಲಿ ಬೈಸ್ಕೊಳ್ತೀವಿ, ಆ ಬೆಲೆ ಕೊಡೋಕೆ ನಾನಂತೂ ರೆಡಿ. ಕಮಿಟಿಲಿ ಎಲ್ರೂ ಒಪ್ಪಿಲ್ಲ.

ಸರೋಜಕ್ಕ ಚೇತರಿಸ್ಕೊಂಡಿದ್ದು ಪ್ರಾಣಿಗಳ ಪ್ರೀತಿಯಿಂದ ಅಂತ ನಮ್ಮ ಗುಂಪಲ್ಲೇ ಕೆಲವರು ಹೇಳ್ತಾರೆ. ನಂಗೆ ಹಾಗನ್ನಿಸಲ್ಲ. ಪ್ರೀತಿ ಮರಿಗಳ ಮೇಲೂ ಇತ್ತು. ಗೊತ್ತಾದ ಹೊತ್ತು, ಗೊತ್ತಾದ ಕೆಲಸ, ಮಾಡಿದ್ದು ನಾಳೆ ಕಣ್ಣಿಗೆ ಕಾಣೋದು, ತಾನಿಲ್ಲದಿದ್ರೂ ನಡೆಯುತ್ತೆ ಅನ್ನೋ ಧೈರ್ಯ, ಜೊತೆಗೆ ಮಾತ್ರೆ, ಇಷ್ಟೂ ಸೇರಿದ ಮೇಲೆ ಚೇತರಿಕೆ ಬಂದಿದ್ದು. ನಿದ್ದೆ ಈಗ್ಲೂ ಮೂರಕ್ಕೆ ಮುರಿಯುತ್ತಂತೆ, ಎದ್ದು ಹೋಗಿ ನಿಲ್ಲೋದು ಬಿಟ್ಟಿದಾರೆ.

ಬಗೆಹರಿಯದ ಒಂದು ವಿಷಯ ಉಳಿದಿದೆ. ಗಾಡಿಲಿ ಓಡೋ ನಾಯಿ ವಿಡಿಯೋ ಹಾಕಿದಾಗ ದಾನ ಚೆನ್ನಾಗಿ ಬರುತ್ತೆ, ಹಾಗಾಗಿ ಅಕ್ಕಪಕ್ಕದ ತಾಲ್ಲೂಕಿಂದಾನೂ ಬೆನ್ನು ಮುರಿದ ನಾಯಿಗಳನ್ನ ತಗೊಳ್ಳೋಣ ಅಂತ ಕಮಿಟಿಲಿ ಇಬ್ರು ಪಟ್ಟು ಹಿಡಿದಿದಾರೆ. ಐದಕ್ಕಿಂತ ಒಂದು ಜಾಸ್ತಿ ಆದ್ರೂ ಮಗ್ಗುಲು ಬದಲಿಸೋಕೆ ಕೈ ಸಾಲಲ್ಲ, ಆವಾಗ ಎಲ್ಲದಕ್ಕೂ ಹುಣ್ಣಾಗುತ್ತೆ ಅಂತ ಸರೋಜಕ್ಕ. ಈಗ ಐದಿದೆ. ಆರನೇದಕ್ಕೆ ಅಂತ ಪಕ್ಕದ ತಾಲ್ಲೂಕಿಂದ ಫೋನ್ ಬಂದಿದೆ, ನಾಯಿಗೆ ನೋವಿನ ಪ್ರತಿಕ್ರಿಯೆ ಇದ್ಯಾ ಅಂತ ಅಲ್ಲಿನ ಡಾಕ್ಟ್ರ ಹತ್ರ ಬರೆಸಿ ಕಳ್ಸಿ, ಜೊತೆಗೆ ಬೆಳಗ್ಗೆ ಪಾಳಿಗೆ ಬರೋ ಒಬ್ರ ಹೆಸರೂ ಕಳ್ಸಿ ಅಂತ ಸರೋಜಕ್ಕ ಹೇಳ್ಸಿದಾರೆ. ಸೋಮವಾರ ಮೀಟಿಂಗ್ ಇದೆ.